ಕೊಟ್ಟಿಗೆಗೆ ರೋಗ ಬಂದಾಗ



ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯದ ಹೆಸರು 'ಹಸು'. ಆರನೆಯ ಅಧ್ಯಾಯದ ಹೆಸರು 'ಜಾನುವಾರುಗಳು'. ಹದಿನಾರನೆಯ ಅಧ್ಯಾಯವಾದ ಅನ್ನಹ್ಲ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಒಂದೊಂದಾಗಿ ನೆನಪಿಸುತ್ತಾ ಬರುವಾಗ ಜಾನುವಾರುಗಳಿಂದ ಸಿಗುವ ಬೆಚ್ಚನೆಯ ಹೊದಿಕೆ, ಆಹಾರ, ಹಾಲು, ಹೊರೆ ಹೊರುವ ಸಹಾಯ ಇವೆಲ್ಲವನ್ನೂ ಹೇಳುತ್ತಾನೆ. ಅದರ ನಡುವೆ ಇನ್ನೊಂದು ಸಂಗತಿಯೂ ಇದೆ. ಅವು ಸಂಜೆ ಮನೆಗೆ ಮರಳುವುದರಲ್ಲಿ, ಬೆಳಿಗ್ಗೆ ಮೇಯಲು ಹೊರಡುವುದರಲ್ಲಿ ನಿಮಗೆ ಒಂದು ಸೊಬಗು ಇದೆ ಎಂಬುದನ್ನೂ ಅವನು ನೆನಪಿಸುತ್ತಾನೆ. ಬೆಳಗಿಗಿಂತ ಮೊದಲು ಸಂಜೆಯನ್ನು ಏಕೆ ಹೇಳಲಾಗಿದೆ? ಹೊಟ್ಟೆ ತುಂಬಿ, ಕೆಚ್ಚಲು ತುಂಬಿ ಬರುವ ದನ ಹೊರಟು ಹೋಗುವ ದನಕ್ಕಿಂತ ಚೆಲುವಾಗಿರುತ್ತದೆ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ದನ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಮಳೆಗಾಲ ಮುಗಿಯುವ ಹೊತ್ತಿಗೆ ಹಾವೇರಿ ಜಿಲ್ಲೆಯ ನಮ್ಮ ಭಾಗದಲ್ಲಿ ಆ ಸಂಜೆಯ ನೋಟವೇ ಇಲ್ಲವಾಯಿತು. ಚರ್ಮಗಂಟು ರೋಗ ಬಂದಿತ್ತು. ಮೊದಲು ದನಕ್ಕೆ ಜ್ವರ, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಎರಡು ಮೂರು ದಿನಗಳಲ್ಲಿ ಕುತ್ತಿಗೆ, ಬೆನ್ನು, ಕೆಚ್ಚಲಿನ ಮೇಲೆಲ್ಲಾ ರೂಪಾಯಿ ನಾಣ್ಯದಷ್ಟು ಅಗಲದ ಗಂಟುಗಳು. ಕಾಲು ಬಾತುಕೊಂಡು ಏಳಲಾರದೆ ಮಲಗಿದ ದನದ ಮೇಲೆ ನೊಣಗಳು. ಆಮೇಲೆ ಗಂಟು ಒಡೆದು ಹುಣ್ಣು. ಬೇವಿನೆಣ್ಣೆಯನ್ನೂ ಅರಿಶಿನವನ್ನೂ ಹಚ್ಚುತ್ತಾ ಹೆಣ್ಣುಮಕ್ಕಳು ರಾತ್ರಿಯಿಡೀ ಕೊಟ್ಟಿಗೆಯಲ್ಲಿ ಕುಳಿತಿದ್ದನ್ನು ನಾನು ಕಂಡಿದ್ದೇನೆ. ಈ ರೋಗ ಹೊಸದೇನಲ್ಲ. 1929ರಲ್ಲಿ ಆಫ್ರಿಕಾದ ಇಂದಿನ ಝಾಂಬಿಯಾ ದೇಶದಲ್ಲಿ ಮೊದಲು ಕಂಡದ್ದು. ಭಾರತದಲ್ಲಿ ಮೊದಲು ವರದಿಯಾದುದು 2019ರಲ್ಲಿ, ಒಡಿಶಾದಲ್ಲಿ. 2022ರ ಒಂದೇ ವರ್ಷದಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ದನಗಳು ಇದರಿಂದ ಸತ್ತವು. ನಮ್ಮ ರಾಜ್ಯದಲ್ಲಿ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮನುಷ್ಯರಿಗೆ ಇದು ಹರಡುವುದಿಲ್ಲ. ಆದರೆ ಮನುಷ್ಯರ ಮನೆಗೆ ಇದು ಬಾರದೆ ಇರಲಿಲ್ಲ.

ಆ ದಿನಗಳಲ್ಲಿ ಒಂದು ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬ ಹಿರಿಯರು ಎಲ್ಲರೂ ಹೋಗುವ ತನಕ ಕಂಬಕ್ಕೆ ಒರಗಿ ಕುಳಿತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಹೊಲವಿಲ್ಲ. ಎರಡು ಜರ್ಸಿ ಆಕಳು, ಡೇರಿಗೆ ಹಾಕುವ ಹಾಲು, ಅದೇ ಜೀವನ. ಒಂದು ಆಕಳು ನಾಲ್ಕು ದಿನಗಳ ಹಿಂದೆ ಸತ್ತಿತ್ತು.

"ಹಜರತ್, ಇನ್ನೊಂದು ಆಕಳು ಚಲೋ ಐತ್ರಿ. ಮೈಮ್ಯಾಲ ಒಂದ್ ಗಂಟೂ ಇಲ್ಲ. ಹಾನಗಲ್ ಕಡಿಂದ ಒಬ್ರು ಬಂದು ನೋಡಿ ಹೋಗ್ಯಾರ. ಐವತ್ತೈದು ಸಾವಿರಕ್ಕ ಕೇಳ್ಯಾರ. ಕೊಟ್ಟುಬಿಡ್ಲೇನ್ರಿ?"

"ಮೊದಲಿನದು ಸತ್ತದ್ದು ಅವರಿಗೆ ಗೊತ್ತೇನ್ರೀ ಚಾಚಾ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವ್ರು ಕೇಳಲಿಲ್ರಿ, ನಾನೂ ಹೇಳಲಿಲ್ಲ. ಹೇಳಿದ್ರ ಯಾರ್ ತಗೋತಾರ್ರಿ?" ಎಂದರು.

ಓದುಗರೇ, ಈ ಪ್ರಶ್ನೆಗೆ ಉತ್ತರ ಕಷ್ಟದ್ದೆಂದು ತಿಳಿಯಬೇಡಿ. ಮದ್ರಸದ ಮೂರನೆಯ ವರ್ಷದ ವಿದ್ಯಾರ್ಥಿಯೂ ಉತ್ತರ ಹೇಳಬಲ್ಲ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಇದ್ದುದನ್ನು ಇದ್ದಂತೆ ತಿಳಿಸಿದರೆ ಆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿದು ಹೋಗುತ್ತದೆ ಎಂಬ ಆಶಯದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಘಟನೆ ತಮಗೆ ತಿಳಿದೇ ಇದೆ. ಮಾರುವ ಮೊದಲು ಹಾಲು ಕರೆಯದೆ ಬಿಟ್ಟು, ಕೆಚ್ಚಲು ದೊಡ್ಡದಾಗಿ ಕಾಣುವಂತೆ ಮಾಡುವುದನ್ನು ಕೂಡಾ ಅವರು ವಿರೋಧಿಸಿದ್ದಾರೆ. ಅಂತಹ ಪಶುವನ್ನು ಕೊಂಡವನಿಗೆ ಮೂರು ದಿನಗಳೊಳಗೆ ಅದನ್ನು ಹಿಂದಿರುಗಿಸುವ ಅಧಿಕಾರ ನೀಡಿದ್ದಾರೆ. ಸಂತೆಯ ಚಾಲಾಕಿತನ ಹದಿನಾಲ್ಕು ನೂರು ವರ್ಷಗಳ ಹಿಂದೆಯೂ ಇದೇ ಆಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಚಾಚಾ ಅವರ ಆಕಳಿನಲ್ಲಿ ಕಣ್ಣಿಗೆ ಕಾಣುವ ದೋಷವಿರಲಿಲ್ಲವಲ್ಲ ಎಂದು ತಾವು ಕೇಳಬಹುದು. ನಿಜ, ದೋಷ ಮೈಮೇಲಿರಲಿಲ್ಲ. ಅದು ಮಾರುವವನ ಅರಿವಿನಲ್ಲಿತ್ತು. ಒಂದೇ ಗೋದಲಿಯಲ್ಲಿ ಮೇವು ತಿಂದ, ಒಂದೇ ಕೊಟ್ಟಿಗೆಯ ಸೊಳ್ಳೆ, ನೊಣ, ಉಣ್ಣೆಹುಳಗಳಿಂದ ಕಚ್ಚಿಸಿಕೊಂಡ ದನ ಅದು. ಈ ರೋಗ ಹರಡುವುದೇ ಹೆಚ್ಚಾಗಿ ಕಚ್ಚುವ ಕೀಟಗಳಿಂದ. ರೋಗಾಣು ಮೈಯೊಳಗೆ ಹೊಕ್ಕ ಮೇಲೆ ಗಂಟು ಕಾಣಲು ಒಂದೆರಡು ವಾರ, ಕೆಲವೊಮ್ಮೆ ನಾಲ್ಕು ವಾರಗಳ ತನಕ ಬೇಕಾಗಬಹುದು. ಅಷ್ಟರೊಳಗೆ ಆ ದನ ಹಾನಗಲ್ಲಿನ ಒಂದು ಕೊಟ್ಟಿಗೆ ಸೇರಿ, ಅಲ್ಲಿಯ ದನಗಳ ನಡುವೆ ನಿಂತು, ಆ ಊರಿನ ನೊಣಗಳಿಗೆ ರೋಗವನ್ನು ಹಂಚಿರುತ್ತದೆ.

ಇಲ್ಲಿ ವಾಸಿಲ ಬಿನ್ ಅಸ್ಕಅ್(ರ) ಎಂಬ ಸಹಾಬಿಯವರ ಒಂದು ಪ್ರಸಂಗವನ್ನು ಹೇಳಲೇಬೇಕು. ಇಮಾಮ್ ಗಝ್ಝಾಲಿಯವರೂ ತಮ್ಮ 'ಇಹ್ಯಾ'ದಲ್ಲಿ ಇದನ್ನು ಪ್ರಸ್ತಾಪಿಸಿದ್ದಾರೆ. ಒಬ್ಬನು ಮುನ್ನೂರು ದಿರ್ಹಮಿಗೆ ಒಂದು ಒಂಟೆಯನ್ನು ಮಾರಿದ. ವಾಸಿಲ(ರ)ರು ಅಲ್ಲೇ ನಿಂತಿದ್ದರೂ ಅವರ ಗಮನ ಬೇರೆಡೆ ಇತ್ತು. ಕೊಂಡವನು ಒಂಟೆಯನ್ನು ಹಿಡಿದುಕೊಂಡು ಸ್ವಲ್ಪ ದೂರ ಹೋಗಿದ್ದಾಗ ಅವರಿಗೆ ಎಚ್ಚರವಾಯಿತು. ಕೂಗುತ್ತಾ ಅವನ ಹಿಂದೆ ಓಡಿದರು. ಇದನ್ನು ಮಾಂಸಕ್ಕೆ ಕೊಂಡೆಯಾ, ಸವಾರಿಗೆ ಕೊಂಡೆಯಾ ಎಂದು ವಿಚಾರಿಸಿದರು. ಸವಾರಿಗೆ ಎಂದ. ಹಾಗಾದರೆ ಕೇಳು, ಇದರ ಪಾದದಲ್ಲಿ ಒಂದು ತೂತಿದೆ, ದೂರದ ಪಯಣ ಇದರಿಂದಾಗದು ಎಂದರು. ಅವನು ಒಂಟೆಯನ್ನು ಹಿಂದೆ ತಂದ. ಮಾರಿದವನು ನೂರು ದಿರ್ಹಮ್ ಬಿಟ್ಟುಕೊಡಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಅವನು ಕೋಪಿಸಿಕೊಂಡಾಗ, ದೋಷವನ್ನು ತಿಳಿಸದೆ ಮಾರುವುದು ಯಾರಿಗೂ ಸಮ್ಮತವಲ್ಲ, ಅದು ಗೊತ್ತಿದ್ದವನು ಸುಮ್ಮನಿರುವುದೂ ಸಮ್ಮತವಲ್ಲ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ವಾಸಿಲ(ರ)ರು ತಿಳಿಸಿದರು.

ಈ ಪ್ರಸಂಗದ ಎರಡನೆಯ ಭಾಗವನ್ನು ಗಮನಿಸಿರಿ. ವಾಸಿಲ(ರ)ರು ಮಾರುವವರೂ ಆಗಿರಲಿಲ್ಲ, ಕೊಳ್ಳುವವರೂ ಆಗಿರಲಿಲ್ಲ. ದಾರಿಯಲ್ಲಿ ನಿಂತಿದ್ದ ಮೂರನೆಯವರು. ನಮ್ಮ ದನದ ಸಂತೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಗಳಿದ್ದಾರೆ. ಅವರಲ್ಲಿ ನಮ್ಮವರೂ ಬಹಳ ಮಂದಿ. ಗಾಡಿ ಬಾಡಿಗೆಗೆ ಬಿಡುವವರಿದ್ದಾರೆ. ಯಾವ ಊರಲ್ಲಿ ರೋಗ ಬಂದಿದೆ, ಯಾವ ದನ ಎಲ್ಲಿಂದ ಬಂತು ಎಂಬುದು ಇವರಿಗೆ ಗೊತ್ತಿರುವಷ್ಟು ದನದ ಡಾಕ್ಟರಿಗೂ ಗೊತ್ತಿರುವುದಿಲ್ಲ. ನನಗೇನು, ನನ್ನ ಕಮಿಷನ್ ಸಿಕ್ಕಿತು ಎಂದು ಹೇಳುವ ಸ್ವಾತಂತ್ರ್ಯ ಇವರಿಗೂ ಇಲ್ಲವೆಂದು ಇದರಿಂದ ತಿಳಿಯುತ್ತದೆ. ಕೊಳ್ಳುವವನು ಮುಸ್ಲಿಮನಲ್ಲದಿದ್ದರೆ ಪರವಾಗಿಲ್ಲ ಎಂದು ಒಳಗೊಳಗೇ ಭಾವಿಸುವವರೂ ಇದ್ದಾರೆ. ಅದು ದೀನ್ ಅಲ್ಲ, ದೀನಿನ ಹೆಸರಲ್ಲಿ ಮಾಡುವ ವಂಚನೆ. ಮೋಸ ಎಲ್ಲರೊಂದಿಗೂ ಹರಾಮ್.

ರೋಗದ ಪಶು ಝಕಾತಿನಲ್ಲಿ ಸಲ್ಲುವುದಿಲ್ಲ. ಹ. ಅಬೂಬಕರ್(ರ)ರು ಝಕಾತಿನ ಕುರಿತು ಬರೆಸಿದ ಪತ್ರದಲ್ಲಿ ಮುದಿಯಾದ, ಕುಂದುಳ್ಳ ಪಶುವನ್ನು ಕೊಡಬಾರದೆಂದು ಹೇಳಲಾಗಿದೆ. ಕುರ್ಬಾನಿಯಲ್ಲೂ ಸಲ್ಲುವುದಿಲ್ಲ. ಒಕ್ಕಣ್ಣು, ಎದ್ದು ಕಾಣುವ ರೋಗ, ಕುಂಟು, ಎಲುಬಿನೊಳಗೆ ಮಜ್ಜೆ ಉಳಿಯದಷ್ಟು ಬಡಕಲುತನ ಈ ನಾಲ್ಕನ್ನು ಪ್ರವಾದಿವರ್ಯರು(ಸ) ಬೆರಳೆಣಿಸಿ ಹೇಳಿದ್ದನ್ನು ಬರಾ ಬಿನ್ ಆಝಿಬ್(ರ)ರು ವರದಿ ಮಾಡಿದ್ದಾರೆ. ಅಲ್ಲಾಹನ ಹೆಸರಲ್ಲಿ ಕೊಡಲು ಯೋಗ್ಯವಲ್ಲದ್ದನ್ನು ಅವನ ದಾಸನ ತಲೆಗೆ ಕಟ್ಟುವುದು ಹೇಗೆ?

ಬಕ್ರೀದ್ ಎಂದಾಗ ಕುರಿಗಳ ಮಾತೂ ಬಂತು. ಕುರಿ ಮೇಕೆಗಳಿಗೆ ಬರುವ ಪಿಪಿಆರ್ ಎಂಬ ರೋಗವಿದೆ. ನಮ್ಮ ಕುರಿಗಾರರು ಇದನ್ನು ಹಿರೇಬೇನೆ ಎನ್ನುತ್ತಾರೆ. ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿಹುಣ್ಣು, ಭೇದಿ, ಕೊನೆಗೆ ಉಸಿರಾಟದ ತೊಂದರೆ. ಲಸಿಕೆ ಹಾಕಿಸದ ಹಿಂಡಿಗೆ ಬಂದರೆ ಅರ್ಧ ಹಿಂಡೇ ಹೋಗಬಹುದು. ಹಬ್ಬದ ಹಿಂದಿನ ವಾರಗಳಲ್ಲಿ ಹತ್ತಾರು ಊರುಗಳ ಕುರಿಗಳು ಒಂದೇ ಮೈದಾನಕ್ಕೆ ಬಂದು ಸೇರುತ್ತವೆ. ಒಂದೇ ತೊಟ್ಟಿಯಲ್ಲಿ ನೀರು, ಮೂಗಿಗೆ ಮೂಗು ತಾಗಿಸಿ ಹುಲ್ಲು. ಮಾರಾಟವಾಗದ ಕುರಿಗಳು ಹಬ್ಬ ಕಳೆದ ಮೇಲೆ ಹಿಂದಿರುಗಿ ಊರಿನ ಹಿಂಡನ್ನು ಸೇರುತ್ತವೆ. ನಮ್ಮ ಆರಾಧನೆಯ ನೆಪದಲ್ಲಿ ಕುರುಬರ ಹಟ್ಟಿಗೆ ರೋಗ ಹೋದರೆ ಅದರ ಹೊಣೆ ಯಾರದು? ಒಮ್ಮೆ ಹಾಕಿದ ಲಸಿಕೆ ಮೂರು ವರ್ಷ ಕಾಪಾಡುತ್ತದೆ. ತಂದ ಕುರಿಯನ್ನು ಕೆಲವು ವಾರ ಬೇರೆ ಕಟ್ಟಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಇಲ್ಲಿ ಕೆಲವರು ಒಂದು ಹದೀಸನ್ನು ಮುಂದಿಡುತ್ತಾರೆ. ಸೋಂಕು ಎಂಬುದಿಲ್ಲವೆಂದು ಪ್ರವಾದಿ(ಸ)ಯವರೇ ಹೇಳಿಲ್ಲವೇ ಎಂದು ಕೇಳುತ್ತಾರೆ. ಲಸಿಕೆ ಹಾಕುವವರು ಬಂದಾಗ ದನವನ್ನು ಹೊಲಕ್ಕೆ ಅಟ್ಟಿ ಬಾಗಿಲು ಹಾಕಿಕೊಂಡವರ ಬಾಯಲ್ಲಿಯೂ ನಾನು ಇದನ್ನು ಕೇಳಿದ್ದೇನೆ. ಆ ಹದೀಸನ್ನು ಪೂರ್ತಿ ಓದಬೇಕು. ಮರಳಿನಲ್ಲಿ ಜಿಂಕೆಗಳಂತಿದ್ದ ನನ್ನ ಒಂಟೆಗಳ ನಡುವೆ ಒಂದು ಕಜ್ಜಿ ಒಂಟೆ ಬಂದು ಎಲ್ಲಕ್ಕೂ ಕಜ್ಜಿ ಹತ್ತಿಸಿತಲ್ಲ ಎಂದು ಒಬ್ಬ ಹಳ್ಳಿಗ ಕೇಳಿದಾಗ, ಮೊದಲಿನದಕ್ಕೆ ಯಾರು ಹತ್ತಿಸಿದರು ಎಂದು ಪ್ರವಾದಿವರ್ಯರು(ಸ) ಮರುಪ್ರಶ್ನೆ ಹಾಕಿದರು. ರೋಗವು ಅಲ್ಲಾಹನ ಇಚ್ಛೆಯನ್ನು ಮೀರಿದ ಸ್ವತಂತ್ರ ಶಕ್ತಿ ಎಂಬ ಅಜ್ಞಾನ ಕಾಲದ ನಂಬಿಕೆಗೆ ಅದು ಉತ್ತರವಾಗಿತ್ತು. ಅದೇ ಅಬೂಹುರೈರ(ರ)ರ ವರದಿಯಲ್ಲಿ, ರೋಗದ ಒಂಟೆಗಳ ಯಜಮಾನನು ಅವನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂಬ ಆಜ್ಞೆಯೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ವಿದ್ವಾಂಸರು, ಕಾರಣಗಳನ್ನು ಇಟ್ಟವನೂ ಅವನೇ, ಅವುಗಳಿಂದ ದೂರವಿರಲು ಹೇಳಿದವನೂ ಅವನೇ ಎಂದು ವಿವರಿಸಿದ್ದಾರೆ.

ಹ. ಉಮರ್(ರ)ರು ಶಾಮಿನ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಹ. ಅಬೂಉಬೈದ(ರ)ರು ಕೇಳಿದರು. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಅದನ್ನು ವಿವರಿಸಲು ಅವರು ಕೊಟ್ಟ ಉದಾಹರಣೆ ಯಾವುದು? ಒಂಟೆ ಮೇಯಿಸುವವನದು! ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ಹಸಿರಿನಲ್ಲಿ ಮೇಯಿಸಿದರೂ ಅವನ ವಿಧಿ, ಬರಡಿನಲ್ಲಿ ಮೇಯಿಸಿದರೂ ಅವನ ವಿಧಿ. ಹಾಗೆಂದು ಬುದ್ಧಿಯುಳ್ಳವನು ಬರಡಿಗೆ ಅಟ್ಟುವುದಿಲ್ಲ. ಝಕಾತಿನ ಒಂಟೆಗಳಿಗೆ ಕಜ್ಜಿಯಾದಾಗ ಇದೇ ಖಲೀಫರು ಬಿಸಿಲಲ್ಲಿ ನಿಂತು ತಮ್ಮ ಕೈಯಿಂದಲೇ ಟಾರು ಹಚ್ಚುತ್ತಿದ್ದರೆಂಬ ವರದಿಯೂ ಇದೆ. ದುಆ ಬರೆದ ಕಾಗದವನ್ನು ಕೊಂಬಿಗೆ ಕಟ್ಟಿ ಇಂಜೆಕ್ಷನ್ ಬೇಡವೆನ್ನುವವರು ಇದನ್ನು ಗಮನಿಸಲಿ. ದುಆ ಮಾಡಿರಿ, ಸೂಜಿಯನ್ನೂ ಹಾಕಿಸಿರಿ.

ಲಸಿಕೆ ಎಂದರೇನು ಎಂಬುದನ್ನು ನಮ್ಮ ಕನ್ನಡವೇ ಹೇಳುತ್ತದೆ. ಬಿ.ಎ. ಓದುವಾಗ ನಾನು ಹಳ್ಳಿಗಳ ಬೈಗುಳಗಳನ್ನು ಬರೆದುಕೊಂಡಿದ್ದೆ. 'ದೊಡ್ಡರೋಗ ಬರಲಿ' ಎಂಬುದು ಅದರಲ್ಲಿ ಒಂದು. ಬೈಯುವವರಿಗೂ ಬೈಸಿಕೊಳ್ಳುವವರಿಗೂ ಅದು ಯಾವ ರೋಗವೆಂದು ಗೊತ್ತಿರಲಿಲ್ಲ. ದನಗಳಿಗೆ ಬರುತ್ತಿದ್ದ ಆ ರೋಗ ಒಂದು ಊರಿಗೆ ಹೊಕ್ಕರೆ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಅದು ಆಫ್ರಿಕಾಕ್ಕೆ ಹೋಯಿತು. ಇಟಲಿಯ ಸೈನ್ಯಕ್ಕಾಗಿ ಭಾರತದ ಕಡೆಯಿಂದ ಹಡಗಿನಲ್ಲಿ ಸಾಗಿಸಿದ ದನಗಳೊಂದಿಗೆ ಹೋಯಿತೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಇಥಿಯೋಪಿಯಾದಲ್ಲಿ ಉಳಲು ಎತ್ತುಗಳೇ ಇಲ್ಲದಾಗಿ 1888ರಿಂದ 1892ರವರೆಗೆ ಭೀಕರ ಕ್ಷಾಮ ಬಿತ್ತು. ಹತ್ತು ವರ್ಷಗಳೊಳಗೆ ರೋಗ ಆಫ್ರಿಕಾದ ದಕ್ಷಿಣ ತುದಿಯನ್ನು ಮುಟ್ಟಿತು. ಸೋಂಕಿದ ಕೆಲವು ದನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ್ದರ ಫಲ ಇದು. ಆ ರೋಗ ಈಗ ಭೂಮಿಯ ಮೇಲೆಲ್ಲೂ ಇಲ್ಲ. ಹಳ್ಳಿ ಹಳ್ಳಿಗೆ ಹೋಗಿ ಲಸಿಕೆ ಹಾಕಿದ್ದರಿಂದ 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಹೀಗೆ ಅಳಿದ ಎರಡನೆಯ ರೋಗ ಅದು. ಬೈಗುಳ ಮಾತ್ರ ಉಳಿದಿದೆ.

ಇನ್ನೊಂದು ಮಾತನ್ನು ಮಾಂಸದ ವ್ಯಾಪಾರದ ಸಹೋದರರಿಗೆ ಹೇಳಬೇಕಾಗಿದೆ. ಸಾಯುವ ಸ್ಥಿತಿಗೆ ಬಂದ ಕುರಿಯನ್ನು ಜೀವವಿರುವಾಗಲೇ ಕೊಯ್ದರೆ ಹಲಾಲ್ ಆಗುತ್ತದೆ ಎಂಬ ಒಂದು ಮಾತನ್ನೇ ಹಿಡಿದುಕೊಂಡು, ಕಡಿಮೆ ಬೆಲೆಗೆ ಬಡವರ ಕೇರಿಯಲ್ಲಿ ಮಾರುವವರಿದ್ದಾರೆ. ಕುರ್‌ಆನ್ ಹಲಾಲ್ ಎಂಬುದರ ಜೊತೆಗೆ ತಯ್ಯಿಬ್, ಅಂದರೆ ಶುದ್ಧವೂ ಒಳ್ಳೆಯದೂ ಆದುದು ಎಂಬ ಶರತ್ತನ್ನೂ ಇಟ್ಟಿದೆ. ನೆರಡಿ ರೋಗದಲ್ಲಿ ಕುರಿಗಳು ನೋಡನೋಡುತ್ತಲೇ ಸಾಯುತ್ತವೆ. ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತದೆ. ಅದು ಮನುಷ್ಯನಿಗೂ ತಗಲುವ, ಕೊಲ್ಲುವ ರೋಗ. ಸತ್ತ ಕುರಿಯ ಚರ್ಮವನ್ನು ಹದಮಾಡಿ ಬಳಸಬಹುದೆಂದು ಪ್ರವಾದಿ(ಸ)ಯವರು ಅನುಮತಿಸಿದ್ದಾರೆ, ನಿಜ. ಆದರೆ ನೆರಡಿಯಿಂದ ಸತ್ತ ಪಶುವಿನ ಚರ್ಮ ಸುಲಿಯಲು ಚಾಕು ಹಾಕಿದೊಡನೆ ರೋಗಾಣು ಗಾಳಿಗೂ ಮಣ್ಣಿಗೂ ಸೇರಿ ಆ ನೆಲದಲ್ಲಿ ಹತ್ತಾರು ವರ್ಷ ಜೀವಂತವಿರುತ್ತದೆ. ಅನುಮತಿ ಇದೆಯೆಂದು ಅಪಾಯಕ್ಕೆ ಕೈಯಿಡಬಾರದು. ಅಂತಹ ಪಶುವನ್ನು ಕೊಯ್ಯದೆ, ಸುಲಿಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಳ್ಳಕ್ಕೆ ಎಸೆಯುವುದಂತೂ ಕೆಳಗಿನ ಊರಿಗೆ ವಿಷ ಕಳುಹಿಸಿದಂತೆ.

ಈಗ ಆ ರಾತ್ರಿಗೆ ಮರಳೋಣ. ಇಲ್ಲಿಯವರೆಗೆ ಬರೆದುದನ್ನೆಲ್ಲ ನಾನು ಚಾಚಾ ಅವರಿಗೂ ಸಂಕ್ಷಿಪ್ತವಾಗಿ ಹೇಳಿದೆ. ಮಾರಬೇಡಿ, ಮಾರುವುದಾದರೆ ಎಲ್ಲವನ್ನೂ ಹೇಳಿ ಮಾರಿರಿ ಎಂದೆ. ಆ ದಿನಗಳಲ್ಲಿ ಸರಕಾರವೂ ದನದ ಸಂತೆ, ಜಾತ್ರೆ, ಸಾಗಾಟವನ್ನು ನಿಷೇಧಿಸಿತ್ತು. ಅದನ್ನೂ ನೆನಪಿಸಿದೆ. ಅಲ್ಲಾಹ್ ಬೇರೆ ದಾರಿ ತೋರಿಸುತ್ತಾನೆ ಚಾಚಾ, ಸಬರ್ ಮಾಡಿ ಎಂದೆ. ಅವರು "ಹೌದ್ರಿ ಹಜರತ್" ಎಂದು ಟೋಪಿ ಸರಿಪಡಿಸಿಕೊಂಡು ಎದ್ದು ಹೋದರು. ನಾನು ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಸರಿಯಾದ ಫತ್ವಾ ಕೊಟ್ಟೆನೆಂಬ ಸಮಾಧಾನವೂ ಇತ್ತೆಂದು ಈಗ ನಾಚಿಕೆಯಿಂದ ಬರೆಯುತ್ತಿದ್ದೇನೆ.

ಅವರು ಮಾರಲಿಲ್ಲ. ಹಾನಗಲ್ಲಿನವರಿಗೆ ಫೋನ್ ಮಾಡಿ ವಿಷಯ ತಿಳಿಸಿದರಂತೆ. ಒಂಬತ್ತನೆಯ ದಿನ ಆ ಆಕಳಿಗೂ ಗಂಟು ಬಂತು. ಸಾಯಲಿಲ್ಲ. ಈ ರೋಗದಲ್ಲಿ ಹೆಚ್ಚಿನ ದನಗಳು ಬದುಕಿಕೊಳ್ಳುತ್ತವೆ. ಆದರೆ ಹಾಲು ಬತ್ತಿತು, ಹೊಟ್ಟೆಯಲ್ಲಿದ್ದ ಕರು ಹೋಯಿತು. ಸತ್ತ ದನಗಳಿಗೆ ಸರಕಾರ ಪರಿಹಾರ ಘೋಷಿಸಿತ್ತು. ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ. ಇಲ್ಲದಿದ್ದರೆ ಅಷ್ಟೂ ಇರುತ್ತಿರಲಿಲ್ಲವೆಂಬುದು ನಿಜ. ಆದರೆ ಹಾಲು ಕೊಡುವ ಜರ್ಸಿ ಆಕಳಿನ ಬೆಲೆ ಅದರ ಮೂರು ಪಟ್ಟಿತ್ತು. ಬದುಕಿಯೂ ಬತ್ತಿದ ಆಕಳಿಗೆ ಏನೂ ಇರಲಿಲ್ಲ.

ಹಾಲಿನ ದುಡ್ಡು ಎಂದರೆ ಹಳ್ಳಿಯಲ್ಲಿ ಹೆಂಗಸರ ಕೈಯ ದುಡ್ಡು. ಡೇರಿಯಿಂದ ಬರುವ ಆ ಹಣದಲ್ಲಿ ಹಿಂಡಿಯ ಅಂಗಡಿಯ ಸಾಲ, ಕಿರಾಣಿ, ಸಂಘದ ಕಂತು, ಮಗಳ ಕಾಲೇಜಿನ ಬಸ್ ಪಾಸ್ ಎಲ್ಲವೂ ಸಾಗುತ್ತದೆ. ಒಂದು ಕೆಚ್ಚಲು ಬತ್ತಿದರೆ ಐದಾರು ಕಡೆ ಬತ್ತುತ್ತದೆ. ಚಾಚಾ ಅವರ ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಳು. ನನ್ನ ಮದ್ರಸದಲ್ಲಿ ಕಲಿತ ಹುಡುಗಿ. ನಾಲ್ಕು ತಿಂಗಳ ನಂತರ ಅವಳು ಕಾಲೇಜು ಬಿಟ್ಟು ಪೇಟೆಯ ಬಟ್ಟೆ ಅಂಗಡಿಗೆ ಹೋಗುತ್ತಿದ್ದಾಳೆಂದು ನನ್ನ ಹೆಂಡತಿಯಿಂದ ತಿಳಿಯಿತು. ಮನೆಗೆ ಬಡ್ಡಿಯ ಸಾಲವೂ ಬಂದಿತ್ತು. ಬಡ್ಡಿಯ ವಿರುದ್ಧ ಅದೇ ತಿಂಗಳು ನಾನು ಜುಮಾದಲ್ಲಿ ಖುತ್ಬಾ ಮಾಡಿದ್ದೆ. ಚಾಚಾ ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದರು.

ಇನ್ನೂ ಒಂದು ಸಂಗತಿ ತಿಳಿಯಿತು. ಆ ನಾಲ್ಕು ತಿಂಗಳೂ ಅವರ ಮೊಮ್ಮಗುವಿಗೆ ಪ್ರತಿದಿನ ಅರ್ಧ ಲೀಟರ್ ಹಾಲನ್ನು ಪಕ್ಕದ ಮನೆಯ ಲಿಂಗಾಯತ ಅಜ್ಜಿ ತಂದು ಕೊಡುತ್ತಿದ್ದರು. ಅವರ ಮನೆಯಲ್ಲೂ ಒಂದು ಎತ್ತು ಸತ್ತಿತ್ತು. ಅಬ್ದುಲ್ಲಾ ಬಿನ್ ಅಮ್ರ್(ರ)ರು ಮನೆಯಲ್ಲಿ ಕುರಿ ಕೊಯ್ದ ದಿನ, ನಮ್ಮ ನೆರೆಯ ಯಹೂದಿಗೆ ಕೊಟ್ಟಿರಾ ಎಂದು ಮತ್ತೆ ಮತ್ತೆ ವಿಚಾರಿಸುತ್ತಿದ್ದ ಘಟನೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೆ! ಆ ಅಜ್ಜಿ ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಹಾಗಾದರೆ ಆ ರಾತ್ರಿ ನಾನು ಹೇಳಿದ್ದು ತಪ್ಪೇ? ಅಲ್ಲ. ಆದರೆ ಅದು ಅರ್ಧ ಮಾತ್ರವಾಗಿತ್ತು. ಉಳಿದರ್ಧ ಸಹೀಹ್ ಮುಸ್ಲಿಮಿನಲ್ಲಿದೆ. ಕಬೀಸ ಬಿನ್ ಮುಖಾರಿಕ್(ರ)ರು ಸಾಲದ ಹೊಣೆ ಹೊತ್ತು ಸಹಾಯ ಕೇಳಲು ಪ್ರವಾದಿ(ಸ)ಯವರ ಬಳಿಗೆ ಬಂದಿದ್ದರು. ಮೂರು ಬಗೆಯ ಜನರಿಗೆ ಮಾತ್ರ ಕೇಳುವುದು ಸಮ್ಮತವೆಂದು ಆಗ ಅವರಿಗೆ ತಿಳಿಸಲಾಯಿತು. ಅವರಲ್ಲಿ ಒಬ್ಬನು, ಸೊತ್ತನ್ನೆಲ್ಲ ನಾಶಮಾಡುವ ವಿಪತ್ತಿಗೆ ಗುರಿಯಾದವನು. ಬದುಕಿಗೆ ಆಧಾರ ಸಿಗುವ ತನಕ ಅವನು ಕೇಳಬಹುದು. ಗಮನಿಸಿರಿ, ಒಂದು ಹೊತ್ತಿನ ಊಟ ಸಿಗುವ ತನಕವಲ್ಲ, ಕಾಲ ಮೇಲೆ ನಿಲ್ಲುವ ತನಕ. ಅವನಿಗೆ ಕೇಳುವ ಹಕ್ಕಿದೆ ಎಂದ ಮೇಲೆ ಕೊಡುವ ಹೊಣೆ ಯಾರ ಮೇಲೋ ಇರಲೇಬೇಕಲ್ಲವೇ? ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ನೆರೆಯಲ್ಲಿ ಸೊತ್ತು ಕೊಚ್ಚಿಹೋದವನನ್ನೂ ಬೆಂಕಿಯಲ್ಲಿ ಕಳೆದುಕೊಂಡವನನ್ನೂ ಹಿಂದಿನ ವಿದ್ವಾಂಸರಾದ ಮುಜಾಹಿದರು ಆ ಸಾಲಿಗೆ ಸೇರಿಸಿದ್ದಾರೆ. ರೋಗದಲ್ಲಿ ಕೊಟ್ಟಿಗೆ ಬರಿದಾದವನು ಅವರಿಗಿಂತ ಹೇಗೆ ಬೇರೆ? ಹಣ್ಣು ಮಾರಿದ ಮೇಲೆ ಅದಕ್ಕೆ ಆಪತ್ತು ತಗಲಿದರೆ, ಸಹೋದರನ ಹಣವನ್ನು ಯಾವ ನ್ಯಾಯದಿಂದ ತೆಗೆದುಕೊಳ್ಳುತ್ತೀ ಎಂಬರ್ಥದ ಪ್ರಶ್ನೆಯೂ ಹದೀಸಿನಲ್ಲಿದೆ. ಇದು ಕಡ್ಡಾಯವೋ ಉತ್ತಮವೋ ಎಂಬ ವಿಷಯದಲ್ಲಿ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಹಿಂಡಿಯ ಸಾಲಕ್ಕೆ ನಾಲ್ಕು ತಿಂಗಳ ವಾಯಿದೆ ಕೊಡುವುದರಲ್ಲಂತೂ ಭಿನ್ನಾಭಿಪ್ರಾಯ ಇರಲಾರದು.

ಸತ್ಯ ಹೇಳಿದವನು ಒಬ್ಬನೇ ನಷ್ಟವನ್ನೆಲ್ಲ ಹೊರಬೇಕಾದ ಊರಿನಲ್ಲಿ ಮುಂದಿನ ಸಲ ಸತ್ಯ ಹೇಳುವವರು ಯಾರು? ಚಾಚಾ ಅವರ ಮೌನದಿಂದ ಹಾನಗಲ್ಲಿನ ಊರು ಕೆಡಬಹುದಿತ್ತು. ಅವರು ಮಾತಾಡಿದ್ದರಿಂದ ಅದು ಉಳಿಯಿತು. ಅದರ ಬೆಲೆಯನ್ನು ಆ ಮನೆಯ ಹುಡುಗಿ ಕೊಟ್ಟಳು. ಆ ರಾತ್ರಿ ನಾನು ಮಾಡಬೇಕಾಗಿದ್ದುದು ಇಷ್ಟೇ. ಮಾರಬೇಡಿ ಚಾಚಾ, ನಾಳೆ ಬೆಳಿಗ್ಗೆ ನಾನು ಜಮಾಅತಿನ ನಾಲ್ಕು ಜನರನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ ಎನ್ನಬೇಕಿತ್ತು.

ತಡವಾಗಿಯಾದರೂ ಹೋದೆವು. 2023ರ ರಮಝಾನಿನಲ್ಲಿ ಮಿನಾರಕ್ಕೆ ಬಣ್ಣ ಹೊಡೆಸಲು ಕೂಡಿಟ್ಟಿದ್ದ ಹಣದ ಕುರಿತು ಜಮಾಅತಿನಲ್ಲಿ ಮಾತು ಬಂತು. ದೊಡ್ಡ ದನಿಯಲ್ಲೇ ಬಂತು. ಮಸೀದಿಗೆಂದು ಕೊಟ್ಟ ಹಣವನ್ನು ಬೇರೆಡೆಗೆ ಬಳಸಬಾರದೆಂಬುದು ಸರಿಯಾದ ಆಕ್ಷೇಪವೇ ಆಗಿತ್ತು. ಆದುದರಿಂದ ಅದನ್ನು ಮುಟ್ಟಲಿಲ್ಲ. ಝಕಾತನ್ನು ಹತ್ತು ಹತ್ತು ರೂಪಾಯಿಯಾಗಿ ಬಾಗಿಲಲ್ಲಿ ಹಂಚುವ ಬದಲು ಆರು ಮನೆಯವರು ಒಟ್ಟುಗೂಡಿಸಿದರು. ಮೊದಲು ಬಡ್ಡಿಯ ಸಾಲ ತೀರಿತು. ಉಳಿದುದರಲ್ಲಿ ಒಂದು ಕಡಸು ಬಂತು. ಹುಡುಗಿ ಆ ವರ್ಷ ಕಾಲೇಜಿಗೆ ಹಿಂದಿರುಗಲಿಲ್ಲ. ಮರುವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಮಿನಾರದ ಬಣ್ಣ ಇನ್ನೊಂದು ವರ್ಷ ತಡವಾಯಿತು, ಅದು ಬೇರೆ ಕಾರಣಕ್ಕೆ.

ಕಳೆದ ಸಲ ಲಸಿಕೆ ಹಾಕುವವರು ಊರಿಗೆ ಬರುವ ಹಿಂದಿನ ದಿನ ಚಾಚಾ ಮತ್ತೆ ಇಶಾದ ನಂತರ ಕಂಬಕ್ಕೆ ಒರಗಿ ಕುಳಿತಿದ್ದರು. ನನಗೆ ಎದೆ ಧಸಕ್ಕೆಂದಿತು. "ಹಜರತ್, ಬೆಳಿಗ್ಗೆ ಫಜರ್ ಆದಮ್ಯಾಲ ಮೈಕಿನ್ಯಾಗ ಒಂದ್ ಮಾತ್ ಹೇಳ್ರಿ. ಯಾರೂ ದನ ಹೊಲಕ್ಕ ಬಿಡಬ್ಯಾಡ್ರಿ, ಏಳು ಗಂಟೆಗೆ ಡಾಕ್ಟರ್ ಬರ್ತಾರಂತ. ಕನ್ನಡದಾಗ ಹೇಳ್ರಿ, ಎಲ್ಲಾರಿಗೂ ತಿಳೀಲಿ" ಎಂದರು.

ಹೇಳಿದೆ. ಏಳು ಗಂಟೆಗೆ ಮಸೀದಿಯ ಎದುರಿನ ಬೇವಿನ ಮರದ ಕೆಳಗೆ ಮೂವತ್ತರಷ್ಟು ದನಗಳು ನಿಂತಿದ್ದವು. ಅಜ್ಜಿಯ ಮನೆಯ ಎತ್ತು ಸೂಜಿ ಕಂಡು ಹಗ್ಗ ಜಗ್ಗುತ್ತಿತ್ತು. ಕಿವಿಯಲ್ಲಿ ಹಳದಿ ಬಿಲ್ಲೆ ತೊಟ್ಟ ತಮ್ಮ ಆಕಳನ್ನು ಅಲ್ಲೇ ಕಟ್ಟಿಹಾಕಿ, ಚಾಚಾ ಬಿಸ್ಮಿಲ್ಲಾ ಎನ್ನುತ್ತಾ ಆ ಎತ್ತಿನ ಮೂಗುದಾರ ಹಿಡಿದರು.